ಶಾಕ್ ಕೊಟ್ಟರೂ ಏಳದ ಹೃದಯ

"ಶಾಕ್ ಕೊಟ್ರಾ ಸಾರ್?"

ಐಸಿಯು ಬಾಗಿಲ ಹೊರಗೆ ನಿಂತ ನಮ್ಮ ಕಡೆಯ ಜನ ಡಾಕ್ಟರನ್ನು ಕೇಳುವ ಮೊದಲ ಪ್ರಶ್ನೆ ಇದೇ. ಕೆಲವು ವರ್ಷಗಳ ಹಿಂದೆ ನಾನೂ ಕೇಳಿದ್ದೆ. ಮಂಡ್ಯದ ಹತ್ತಿರದ ಒಂದು ಕಲ್ಯಾಣ ಮಂಟಪದಲ್ಲಿ ಊಟಕ್ಕೆ ಕೂತಿದ್ದ ನನ್ನ ಸೋದರಮಾವ, ಪಾಯಸದ ಬಕೆಟ್ ಎರಡನೇ ಸುತ್ತು ಬರುವಷ್ಟರಲ್ಲಿ, ಎಲೆಯ ಮೇಲೇ ಮುಂದಕ್ಕೆ ವಾಲಿದರು. ಬೆಳಗ್ಗೆಯಿಂದ ಎದೆಯುರಿ ಎನ್ನುತ್ತಿದ್ದರು. ಗ್ಯಾಸ್ ಇರಬೇಕು ಅಂತ ಸೋಡಾ ಕುಡಿದಿದ್ದರು. ನೆಲಕ್ಕೆ ಮಲಗಿಸಿದೆವು. ಒಬ್ಬರು ಮುಖಕ್ಕೆ ನೀರು ಚಿಮುಕಿಸಿದರು, ಇನ್ನೊಬ್ಬರು ಸಕ್ಕರೆ ನೀರು ತರಲು ಅಡುಗೆ ಮನೆಗೆ ಓಡಿದರು, ಯಾರೋ ಕಾರಿನ ಕೀ ಗೊಂಚಲನ್ನು ಅವರ ಮುಷ್ಟಿಗೆ ತುರುಕಿದರು. ಹತ್ತು ಹದಿನೈದು ಸೆಕೆಂಡಿಗೊಮ್ಮೆ ಅವರ ಬಾಯಿ ತೆರೆದುಕೊಂಡು ಗೊರಕೆಯಂಥ ಸದ್ದು ಬರುತ್ತಿತ್ತು. "ಉಸ್ರಾಡ್ತಾವ್ರೆ ಕಣ್ರಪ್ಪ, ಏನೂ ಆಗಕ್ಕಿಲ್ಲ" ಎಂದರು ಊರಿನ ಹಿರಿಯರೊಬ್ಬರು. ಆ ಮಾತು ನಮಗೆಲ್ಲ ಧೈರ್ಯ ಕೊಟ್ಟಿತು. ನಾಲ್ಕು ಜನ ಎತ್ತಿ ಕಾರಿನ ಹಿಂದಿನ ಸೀಟಿಗೆ ಹಾಕಿ, ಅಡ್ಡ ನಿಂತಿದ್ದ ಮದುವೆ ಗಾಡಿಗಳನ್ನೆಲ್ಲ ತೆಗೆಸಿ, ಆಸ್ಪತ್ರೆ ಮುಟ್ಟಿಸುವ ಹೊತ್ತಿಗೆ ಇಪ್ಪತ್ತೈದು ನಿಮಿಷ ಆಗಿತ್ತು.

ಅಲ್ಲಿ ಅರ್ಧ ಗಂಟೆ ಎದೆ ಒತ್ತಿದರು. ಹಾರ್ಟ್ ಮತ್ತೆ ಬಡಿಯುತ್ತಿದೆ ಎಂದು ಸಿಸ್ಟರ್ ಬಂದು ಹೇಳಿದಾಗ ಅತ್ತೆ ಕಾರಿಡಾರಿನಲ್ಲೇ ನಿಂತು ಕೈ ಮುಗಿದರು. ಮೂರನೇ ದಿನ ಎಲ್ಲ ಮುಗಿಯಿತು. ನನ್ನ ಶಾಕ್ ಪ್ರಶ್ನೆಗೆ ಡಾಕ್ಟರ್ "ಕೊಡೋ ಹಾಗಿರ್ಲಿಲ್ಲ" ಎಂದಷ್ಟೇ ಹೇಳಿ ಒಳಗೆ ಹೋಗಿದ್ದರು. ಬಹಳ ದಿನ ಅದನ್ನು ಉಡಾಫೆ ಎಂದುಕೊಂಡಿದ್ದೆ. ಓದುತ್ತ, ಕೇಳುತ್ತ ಹೋದ ಮೇಲೆ ಗೊತ್ತಾಯಿತು, ಅವರು ಹೇಳಿದ್ದು ಪೂರ್ತಿ ನಿಜ. ಬಿಡಿಸಿ ಹೇಳಲು ಅವರಿಗೆ ಪುರುಸೊತ್ತಿರಲಿಲ್ಲ.

ಗೊಂದಲ ನಮ್ಮ ಪತ್ರಿಕೆಗಳ ಭಾಷೆಯಿಂದಲೇ ಶುರುವಾಗುತ್ತದೆ. ಯಾರೇ ಹಠಾತ್ತನೆ ಸತ್ತರೂ 'ಹೃದಯಾಘಾತದಿಂದ ನಿಧನ' ಎಂದು ಬರೆದು ಕೈ ತೊಳೆದುಕೊಳ್ಳುತ್ತೇವೆ. ಹೃದಯಾಘಾತ ಎಂದರೆ ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪುಗಟ್ಟಿ ಹರಿವು ಕಟ್ಟಿಕೊಳ್ಳುವುದು. ಆ ಮನುಷ್ಯ ಬೆವರುತ್ತಾನೆ, ಎದೆ ಹಿಡಿದುಕೊಳ್ಳುತ್ತಾನೆ, ಆದರೆ ಮಾತಾಡುತ್ತಾನೆ, ನಾಡಿ ಸಿಗುತ್ತದೆ. ಹೃದಯ ಸ್ತಂಭನ ಬೇರೆಯೇ. ಅಲ್ಲಿ ರಕ್ತ ಹೊರದೂಡುವ ಕೆಲಸವೇ ನಿಂತಿರುತ್ತದೆ. ಹತ್ತು ಹದಿನೈದು ಸೆಕೆಂಡಿನಲ್ಲಿ ಪ್ರಜ್ಞೆ ಹೋಗುತ್ತದೆ. ಆಘಾತ ಸ್ತಂಭನಕ್ಕೆ ತಿರುಗಬಹುದು, ನಮ್ಮ ಮಾವನಿಗೆ ಆದದ್ದೂ ಬಹುಶಃ ಅದೇ. ಆದರೆ ಆಘಾತವಿಲ್ಲದೆಯೂ ಹೃದಯ ನಿಲ್ಲುತ್ತದೆ. 2025ರ ಮಧ್ಯದಲ್ಲಿ ಹಾಸನದ ಹಠಾತ್ ಸಾವುಗಳ ಸುದ್ದಿ ಹಬ್ಬಿದಾಗ ಮೈಸೂರಿನ ಕೆಆರ್‌ಎಸ್ ರಸ್ತೆಯ ಜಯದೇವ ಆಸ್ಪತ್ರೆ ಮುಂದೆ ಜನ ಇಸಿಜಿಗೆ ಸಾಲುಗಟ್ಟಿದ್ದರಲ್ಲ, ಆ ಸಾಲಿನಲ್ಲಿದ್ದ ಭಯ ಸ್ತಂಭನದ್ದು, ಮಾಡಿಸಿಕೊಂಡ ಪರೀಕ್ಷೆ ಹೆಚ್ಚಾಗಿ ಆಘಾತದ್ದು. ಆಮೇಲೆ ಸರ್ಕಾರದ ಸಮಿತಿ ಕೂತು ನೋಡಿದಾಗ, ಪಟ್ಟಿಯಲ್ಲಿದ್ದ ಕೆಲವು ಸಾವುಗಳಿಗೆ ಹೃದಯ ಕಾರಣವೇ ಆಗಿರಲಿಲ್ಲ.

ಇನ್ನು ಶಾಕ್ ವಿಷಯ. ಸಿನಿಮಾದಲ್ಲಿ ಮಾನಿಟರಿನ ಗೆರೆ ಸಪಾಟಾಗುತ್ತದೆ, ಟುಂಯ್ ಎಂದು ಸದ್ದು ಬರುತ್ತದೆ, ಡಾಕ್ಟರ್ ಇಸ್ತ್ರಿಪೆಟ್ಟಿಗೆಯಂಥ ಎರಡು ವಸ್ತುಗಳನ್ನು ಒಂದಕ್ಕೊಂದು ಉಜ್ಜಿ ಎದೆಗೆ ಇಡುತ್ತಾರೆ, ರೋಗಿ ಅರ್ಧ ಅಡಿ ಹಾರಿ ಬೀಳುತ್ತಾನೆ, ಗೆರೆ ಮತ್ತೆ ಕುಣಿಯುತ್ತದೆ, ಹೆಂಡತಿ ಅಳುತ್ತಾಳೆ. ಆ ಇಡೀ ದೃಶ್ಯದಲ್ಲಿ ನಂಬುವಂಥದ್ದು ಹೆಂಡತಿಯ ಅಳು ಒಂದೇ. ಸಪಾಟು ಗೆರೆಗೆ ಶಾಕ್ ಕೊಡುವುದಿಲ್ಲ. ಕೊಟ್ಟರೂ ಏನೂ ಆಗುವುದಿಲ್ಲ.

ಯಾಕೆಂದರೆ ಶಾಕ್ ಇರುವುದು ಹೃದಯವನ್ನು ಎಬ್ಬಿಸಲಿಕ್ಕಲ್ಲ, ಸುಮ್ಮನಾಗಿಸಲಿಕ್ಕೆ. ನಮ್ಮ ಹಬ್ಬಗಳ ತಮಟೆ ಮೇಳ ನೆನೆಸಿಕೊಳ್ಳಿ. ಮುಂದೆ ನಿಂತವನು ಒಂದು ಗತ್ತು ಹಿಡಿಯುತ್ತಾನೆ, ಉಳಿದವರು ಅದರ ಮೇಲೇ ಹೋಗುತ್ತಾರೆ. ಹೃದಯದಲ್ಲೂ ಹಾಗೊಂದು ಮುಂದಾಳು ಗಂಟು ಇದೆ, ಬಲಗಡೆಯ ಮೇಲಿನ ಕೋಣೆಯ ಗೋಡೆಯಲ್ಲಿ. ಅದು ಎಬ್ಬಿಸಿದ ವಿದ್ಯುತ್ ಅಲೆ ಕ್ರಮವಾಗಿ ಹರಿದು, ಸ್ನಾಯುವೆಲ್ಲ ಒಟ್ಟಿಗೆ ಹಿಂಡುತ್ತದೆ. ಈಗ ಮೇಳದ ಪ್ರತಿಯೊಬ್ಬನೂ ತನಗೆ ತೋಚಿದಂತೆ ಬಾರಿಸತೊಡಗಿದ ಎನ್ನಿ. ಸದ್ದಿಗೇನೂ ಕಡಿಮೆಯಿಲ್ಲ, ಕುಣಿಯಲು ಮಾತ್ರ ಆಗುವುದಿಲ್ಲ. ಹೃದಯದ ಕೆಳಕೋಣೆಗಳು ಹೀಗೆ ಅದುರುವುದನ್ನು ವೆಂಟ್ರಿಕ್ಯುಲರ್ ಫಿಬ್ರಿಲೇಶನ್ ಎನ್ನುತ್ತಾರೆ. ಡಾಕ್ಟರುಗಳ ಬಾಯಲ್ಲಿ ವಿಎಫ್. ಹೃದಯ ಹುಳು ಹರಿದಂತೆ ನಡುಗುತ್ತಿರುತ್ತದೆ, ಒಂದು ಹನಿ ರಕ್ತವೂ ಮುಂದಕ್ಕೆ ಹೋಗುವುದಿಲ್ಲ. ಆಗ ಶಾಕ್ ಎಂದರೆ ಯಾರೋ ನಡುವೆ ನುಗ್ಗಿ "ನಿಲ್ಸ್ರಲಾ!" ಎಂದು ಗದರಿದ ಹಾಗೆ. ಎಲ್ಲ ಕೈಗಳೂ ಒಮ್ಮೆಲೇ ನಿಲ್ಲುತ್ತವೆ. ಆ ಮೌನದಲ್ಲಿ ಮುಂದಾಳು ಮತ್ತೆ ಗತ್ತು ಹಿಡಿದರೆ ಮೇಳ ಶುರು. ಅವನ ಕೈಯಲ್ಲಿ ಕಸುವೇ ಉಳಿದಿಲ್ಲದಿದ್ದರೆ ಮೌನ ಮೌನವಾಗಿಯೇ ಉಳಿಯುತ್ತದೆ.

ಶಾಕ್ ಒಪ್ಪುವ ಲಯಗಳು ಎರಡೇ: ಈ ವಿಎಫ್, ಮತ್ತು ನಾಡಿಯೇ ಸಿಗದಷ್ಟು ವೇಗವಾಗಿ ಕೆಳಕೋಣೆ ಓಡುವ ಟಾಕಿಕಾರ್ಡಿಯಾ. ಒಪ್ಪದವು ಇನ್ನೆರಡು. ಒಂದು ಅಸಿಸ್ಟೊಲ್, ಅಂದರೆ ಮೇಳವೇ ಮಲಗಿದ ಸ್ಥಿತಿ, ಸಪಾಟು ಗೆರೆ. ಇನ್ನೊಂದು ಸ್ವಲ್ಪ ವಿಚಿತ್ರ. ಮಾನಿಟರಿನಲ್ಲಿ ಗೆರೆ ಚೆನ್ನಾಗಿಯೇ ಏರಿಳಿಯುತ್ತಿರುತ್ತದೆ, ನಾಡಿ ಮಾತ್ರ ಇಲ್ಲ. ವಿದ್ಯುತ್ ಇದೆ, ಹಿಂಡುವ ಶಕ್ತಿ ಇಲ್ಲ, ಅಥವಾ ಹಿಂಡಲು ಒಳಗೆ ರಕ್ತವೇ ಇಲ್ಲ. ಮನೆಯವರು ಗಾಜಿನಾಚೆಯಿಂದ ಈ ಗೆರೆ ನೋಡಿ "ಓಡ್ತಾ ಇದೆಯಲ್ಲ, ಯಾಕೆ ಹೋಯ್ತು ಅಂತೀರಿ" ಎಂದು ಜಗಳಕ್ಕೆ ನಿಲ್ಲುವುದುಂಟು. ಅವರನ್ನು ತಪ್ಪು ಎನ್ನುವ ಹಾಗಿಲ್ಲ, ಕಣ್ಣಿಗೆ ಕಂಡದ್ದು ಅದೇ.

ಈ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದಕ್ಕೆ ಒಂದೇ ವರ್ಷದ ಎರಡು ಘಟನೆ ಸಾಕು. 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಯುರೋ ಕಪ್ ಪಂದ್ಯದ ನಡುವೆ ಡೆನ್ಮಾರ್ಕಿನ ಫುಟ್‌ಬಾಲ್ ಆಟಗಾರ ಕ್ರಿಸ್ಟಿಯನ್ ಎರಿಕ್ಸನ್ ಕುಸಿದುಬಿದ್ದರು. ಕೂಡಲೇ ಎದೆ ಒತ್ತತೊಡಗಿದರು, ಮೈದಾನದಲ್ಲೇ ಒಂದು ಶಾಕ್ ಕೊಟ್ಟರು, ಎಚ್ಚರ ಬಂತು. ಮರುವರ್ಷ ಅವರು ಮತ್ತೆ ಆಡಿದರು. ಅದೇ 2021ರ ಅಕ್ಟೋಬರ್ 29ರಂದು ಬೆಂಗಳೂರಿನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡರು, 46ರ ವಯಸ್ಸಿಗೆ. ಆಸ್ಪತ್ರೆ ತಲುಪಿದಾಗ ಅವರ ಹೃದಯ ಅಸಿಸ್ಟೊಲ್‌ನಲ್ಲಿತ್ತು ಎಂದು ಆಸ್ಪತ್ರೆಯ ಅಂದಿನ ಹೇಳಿಕೆಯಲ್ಲೇ ಇತ್ತು. ಕರ್ನಾಟಕದ ಪ್ರತಿ ಟೀ ಅಂಗಡಿಯಲ್ಲೂ ತಿಂಗಳುಗಟ್ಟಲೆ ಆ ದಿನದ ಚರ್ಚೆ ನಡೆಯಿತು, ಎಷ್ಟು ಹೊತ್ತಿಗೆ ಹೊರಟರು, ಯಾವ ದಾರಿ ಹಿಡಿದರು ಎಂದೆಲ್ಲ. ಆ ಒಂದು ಪದದ ಅರ್ಥವನ್ನು ಮಾತ್ರ ಯಾರೂ ಬಿಡಿಸಿ ಹೇಳಲಿಲ್ಲ.

ವಿಎಫ್ ಕೂಡ ಕಾಯುತ್ತ ಕೂರುವುದಿಲ್ಲ. ಅದುರುವ ಹೃದಯ ಕೆಲಸ ಮಾಡದಿದ್ದರೂ ಇಂಧನ ಸುಡುತ್ತಲೇ ಇರುತ್ತದೆ, ಹೊಸ ಆಮ್ಲಜನಕ ಬರುತ್ತಿಲ್ಲ. ಮೊದಲು ದೊಡ್ಡದಾಗಿದ್ದ ಅಲೆಗಳು ಸಣ್ಣವಾಗುತ್ತ, ಕೊನೆಗೆ ಗೆರೆ ಸಪಾಟಾಗುತ್ತದೆ. ಬಿದ್ದ ಕ್ಷಣದಲ್ಲಿ ನಮ್ಮ ಮಾವನದ್ದು ವಿಎಫ್ ಆಗಿದ್ದಿರಬಹುದು. ಇಪ್ಪತ್ತೈದು ನಿಮಿಷ ಕಳೆದು ಡಾಕ್ಟರ್ ನೋಡಿದ್ದು ಸಪಾಟು ಗೆರೆ. "ಕೊಡೋ ಹಾಗಿರ್ಲಿಲ್ಲ" ಎಂದರೆ ಇಷ್ಟು.

ವಿದ್ಯುತ್ತಿಗೆ ಈ ಎರಡೂ ಮುಖ ಇದೆ ಎಂಬುದು ಹಳೆಯ ಸಂಗತಿ. 1899ರಲ್ಲಿ ಜಿನೀವಾದಲ್ಲಿ ಪ್ರೆವೋ ಮತ್ತು ಬಟೆಲ್ಲಿ ಎಂಬ ಇಬ್ಬರು ನಾಯಿಗಳ ಮೇಲೆ ಪ್ರಯೋಗ ಮಾಡಿ, ಸಣ್ಣ ಪ್ರವಾಹ ಹೃದಯವನ್ನು ಅದುರಿಸುತ್ತದೆ, ದೊಡ್ಡದು ಅದುರುವುದನ್ನು ನಿಲ್ಲಿಸುತ್ತದೆ ಎಂದು ಕಂಡುಕೊಂಡರು. ಅದಾಗಿ ಮೂರೇ ವರ್ಷಕ್ಕೆ, 1902ರಲ್ಲಿ, ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಯಿತು. ಕಂಬ ಹತ್ತುವ ಕೆಲಸ ಎಲ್ಲ ಕಡೆ ಹೆಚ್ಚಿತು, ಜೊತೆಗೆ ಕರೆಂಟು ಹೊಡೆದು ಸಾಯುವವರೂ. ಅಮೆರಿಕದಲ್ಲಿ ಈ ಸಾವುಗಳ ಬೆನ್ನು ಹತ್ತಿದ ವಿಲಿಯಂ ಕೌವೆನ್‌ಹೋವನ್ ಡಾಕ್ಟರಲ್ಲ, ಎಲೆಕ್ಟ್ರಿಕಲ್ ಎಂಜಿನಿಯರ್. ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಶಾಕ್ ಯಂತ್ರ ರೂಪಿಸುತ್ತಿದ್ದ ಅವರ ತಂಡದ ಹುಡುಗ ಗೈ ನಿಕರ್‌ಬಾಕರ್ ಒಂದು ದಿನ ಗಮನಿಸಿದ್ದೇನೆಂದರೆ, ಶಾಕ್ ಕೊಡುವ ಭಾರವಾದ ಪ್ಯಾಡಲ್ಲುಗಳನ್ನು ನಾಯಿಯ ಎದೆಗೆ ಒತ್ತಿದೊಡನೆ, ಕರೆಂಟು ಬಿಡುವ ಮೊದಲೇ, ರಕ್ತದೊತ್ತಡ ಮೇಲೇರಿತು. ಹೃದಯ ನಿಂತವರಿಗೆ ಎದೆ ಒತ್ತಿ ಉಸಿರು ತುಂಬುವ ಇವತ್ತಿನ ಸಿಪಿಆರ್‌ನಲ್ಲಿ ಎದೆ ಒತ್ತುವ ಭಾಗ ಹುಟ್ಟಿದ್ದು ಹೀಗೆ, ಕರೆಂಟಿನ ಕೆಲಸದ ನಡುವೆ ಕೈಗೆ ಸಿಕ್ಕಿದ್ದು.

1960ರಲ್ಲಿ ಅವರಿಬ್ಬರೂ ಸರ್ಜನ್ ಜೇಮ್ಸ್ ಜೂಡ್ ಜೊತೆ ಸೇರಿ ಪ್ರಕಟಿಸಿದ ವರದಿಯಲ್ಲಿ 20 ರೋಗಿಗಳಲ್ಲಿ 14 ಜನ ಬದುಕಿದ್ದರು. ಶೇ. 70! ಈ ಅಂಕಿ ನೋಡಿದರೆ ಯಾರಿಗಾದರೂ ಇದು ಸತ್ತವರನ್ನೆಬ್ಬಿಸುವ ವಿದ್ಯೆ ಎನಿಸಬೇಕು. ಆದರೆ ಅವರೆಲ್ಲ ಆಸ್ಪತ್ರೆಯ ಒಳಗಿದ್ದವರು, ಅನೇಕರು ಆಪರೇಶನ್ ಮೇಜಿನ ಮೇಲೆ ಅರಿವಳಿಕೆಯಿಂದ ಹೃದಯ ನಿಂತವರು. ಪಕ್ಕದಲ್ಲೇ ಡಾಕ್ಟರ್, ನಿಂತ ಕ್ಷಣ ಗೊತ್ತು, ಕಾರಣ ಗೊತ್ತು, ಕಾರಣ ಸರಿಪಡಿಸಲೂ ಬರುತ್ತದೆ. 1996ರಲ್ಲಿ ಅಮೆರಿಕದ ಟಿವಿ ಧಾರಾವಾಹಿಗಳನ್ನು ಕೂತು ಎಣಿಸಿದ ಅಧ್ಯಯನವೊಂದರ ಪ್ರಕಾರ, ತೆರೆಯ ಮೇಲೆ ಸಿಪಿಆರ್ ಪಡೆದವರಲ್ಲಿ ಶೇ. 67ರಷ್ಟು ಜನ ಬದುಕಿ ಮನೆಗೆ ಹೋದಂತೆ ತೋರಿಸಿದ್ದರು. ಅದೇ ಅಮೆರಿಕದಲ್ಲಿ, ಅಷ್ಟೊಂದು ಆಂಬುಲೆನ್ಸ್, ತರಬೇತಿ ಇದ್ದೂ, ಆಸ್ಪತ್ರೆ ಹೊರಗೆ ಹೃದಯ ನಿಂತವರಲ್ಲಿ ಬದುಕಿ ಮನೆಗೆ ಮರಳುವವರು ಇವತ್ತಿಗೂ ಹತ್ತರಲ್ಲಿ ಒಬ್ಬರು. ಆಸ್ಪತ್ರೆ ಒಳಗೇ ನಿಂತರೆ ನಾಲ್ವರಲ್ಲಿ ಒಬ್ಬರು. ನಮ್ಮ ತಲೆಯಲ್ಲಿರುವುದು ಆಪರೇಶನ್ ಕೋಣೆಯ ಅಂಕಿ. ನಾವು ಬೀಳುವುದು ಪಾಯಸದ ಎಲೆಯ ಮೇಲೆ.

ಹಾಗಾದರೆ ಎದೆ ಒತ್ತುವುದು ಏನು ಮಾಡುತ್ತದೆ? ಊರಲ್ಲಿ ಬೋರಿನ ಕೈಪಂಪು ಹೊಡೆದವರಿಗೆ ಇದು ಕೂಡಲೇ ಹತ್ತುತ್ತದೆ. ಮೊದಲ ಹತ್ತು ಹದಿನೈದು ಸಲ ಬರೀ ಗೊರಗೊರ ಸದ್ದು. ಬಿಡದೆ ಹೊಡೆದ ಮೇಲೆ ನೀರು ಬರುತ್ತದೆ. ಕೊಡ ಬದಲಿಸುವಾಗ ಕೈ ಬಿಟ್ಟಿರೋ, ನೀರು ಕೆಳಗಿಳಿಯಿತು, ಮತ್ತೆ ಮೊದಲಿನಿಂದ ಹೊಡೆಯಬೇಕು. ಎದೆಯಲ್ಲೂ ಹೀಗೆಯೇ. ಒತ್ತುತ್ತ ಒತ್ತುತ್ತ ಮಹಾಪಧಮನಿಯಲ್ಲಿ ಒತ್ತಡ ಮೆಲ್ಲಗೆ ಕಟ್ಟುತ್ತದೆ. ಅದು ಒಂದು ಮಟ್ಟ ಮುಟ್ಟಿದಾಗ ಮಾತ್ರ ಹೃದಯದ ಸ್ವಂತ ನಾಳಗಳಿಗೆ ರಕ್ತ ಇಳಿಯುತ್ತದೆ. ಅದೂ ಒತ್ತಿದಾಗಲ್ಲ, ಕೈ ಮೇಲೆತ್ತಿ ಎದೆ ಉಬ್ಬಲು ಬಿಟ್ಟಾಗ. ಎದೆಯ ಮೇಲೆ ಭಾರ ಬಿಟ್ಟುಕೊಂಡೇ ಒತ್ತುತ್ತಿದ್ದರೆ ಹೃದಯಕ್ಕೆ ಪಾಲೇ ಸಿಗುವುದಿಲ್ಲ. ನಾಡಿ ಬಂತಾ ನೋಡೋಣ, ಫೋನ್ ಮಾಡೋಣ ಎಂದು ಹತ್ತು ಹತ್ತು ಸೆಕೆಂಡು ನಿಲ್ಲಿಸಿದರೆ ಕಟ್ಟಿದ ಒತ್ತಡವೆಲ್ಲ ಸೋರಿಹೋಯಿತು. ಎಲ್ಲ ಸರಿಯಾಗಿ ಮಾಡಿದರೂ ಹರಿಯುವುದು ಮಾಮೂಲಿ ಹರಿವಿನ ಕಾಲು ಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗ. ಅಂದರೆ ಸಿಪಿಆರ್ ಹೃದಯವನ್ನು ಸ್ಟಾರ್ಟ್ ಮಾಡುವ ಕ್ರಿಯೆಯೇ ಅಲ್ಲ. ಸ್ಟಾರ್ಟ್ ಮಾಡುವ ಏನಾದರೂ ಬರುವವರೆಗೆ ಸಾವನ್ನು ಬಾಗಿಲಲ್ಲಿ ತಡೆದು ನಿಲ್ಲಿಸುವ ಕೆಲಸ.

ಮಾವ ಹೋದ ಮೇಲೆ ಮೈಸೂರಿನಲ್ಲಿ ಅರ್ಧ ದಿನದ ತರಬೇತಿಯೊಂದಕ್ಕೆ ಹೋಗಿದ್ದೆ. ನೆಲದ ಮೇಲೆ ಕೈಕಾಲಿಲ್ಲದ ರಬ್ಬರ್ ಬೊಂಬೆ. ಎದೆಮೂಳೆಯ ಕೆಳಅರ್ಧದ ಮೇಲೆ ಅಂಗೈ ಬುಡವಿಟ್ಟು ಒತ್ತಿದಾಗ ಐದು ಸೆಂಟಿಮೀಟರ್ ಇಳಿದರೆ ಒಳಗಿನಿಂದ ಟಕ್ ಎನ್ನುತ್ತದೆ. ಐದು ಸೆಂಟಿಮೀಟರ್ ಎಂದರೆ ಎರಡು ಇಂಚು. ಬದುಕಿರುವ ಮನುಷ್ಯನ ಎದೆ ಅಷ್ಟು ಇಳಿಯಬೇಕು ಎಂದರೆ ಪಕ್ಕೆಲುಬು ಮುರಿಯುವುದೂ ಉಂಟು, ಮುರಿದರೆ ಮುರಿಯಲಿ ಎಂದರು ಹೇಳಿಕೊಡುವವರು. ನಿಮಿಷಕ್ಕೆ 100ರಿಂದ 120. ಮೊದಲ ಮೂವತ್ತಕ್ಕೆ ಮೂವತ್ತೂ ಟಕ್ ಎಂದವು, ನನಗೆ ಹೆಮ್ಮೆ. ಒಂದು ನಿಮಿಷ ದಾಟುವಾಗ ಮೊಣಕೈ ಮಡಚತೊಡಗಿತು. ಒಂದೂವರೆಗೆ ಬೊಂಬೆಯ ಮೂಗಿನ ಮೇಲೆ ನನ್ನ ಬೆವರು ಹನಿಯಿತು. ಎರಡಕ್ಕೆ ಟಕ್ ಸದ್ದು ಪೂರ್ತಿ ನಿಂತಿತ್ತು, ನನಗೆ ಮಾತ್ರ ನಾನಿನ್ನೂ ಜೋರಾಗಿ ಒತ್ತುತ್ತಿದ್ದೇನೆ ಎಂದೇ ಭಾವನೆ. ಎರಡು ನಿಮಿಷಕ್ಕೊಮ್ಮೆ ಆಳು ಬದಲಿಸಿ ಎನ್ನುವುದು ಇದಕ್ಕೇ. ನಮ್ಮ ಮದುವೆ ಮನೆಯಲ್ಲಿ ಆಳಿಗೇನು ಬರವಿತ್ತೇ? ಆರುನೂರು ಜನರಿದ್ದರು.

ಆಮೇಲೆ ಕಾರಿನ ಹಿಂದಿನ ಸೀಟು ನೆನಪಾಯಿತು. ಮೆತ್ತೆಯ ಮೇಲೆ ಮಲಗಿಸಿ ಒತ್ತಿದರೆ ಇಳಿಯುವುದು ಎದೆಯಲ್ಲ, ಮೆತ್ತೆ. ಓಡುವ ಗಾಡಿಯಲ್ಲಿ ತರಬೇತಾದವರೂ ಸರಿಯಾಗಿ ಒತ್ತಲಾರರು. "ಮೊದ್ಲು ಎತ್ಕಳಿ, ಆಸ್ಪತ್ರೆಗೆ ಹಾಕಳಿ" ಎಂಬ ನಮ್ಮ ಸಹಜ ಪ್ರವೃತ್ತಿ ಹೃದಯಾಘಾತಕ್ಕೆ ಸರಿ, ಹೃದಯ ಸ್ತಂಭನಕ್ಕೆ ಮಾರಕ. ಬಿದ್ದ ಜಾಗದಲ್ಲೇ, ಗಟ್ಟಿ ನೆಲದ ಮೇಲೇ ಶುರುವಾಗಬೇಕು, ಒಬ್ಬರು 108ಕ್ಕೆ ಫೋನ್ ಮಾಡುತ್ತಿರುವಾಗಲೇ. ಎದೆ ಒತ್ತದೆ ಕಳೆಯುವ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಕುಸಿಯುತ್ತದೆ. ಒತ್ತುತ್ತಿದ್ದರೆ ಕುಸಿತ ಅರ್ಧಕ್ಕಿಂತ ನಿಧಾನ. ಮಂಡ್ಯದಿಂದ ಮೈಸೂರಿಗೆ 45 ಕಿಲೋಮೀಟರ್. ದಶಪಥ ಬಂದ ಮೇಲೆ ಬೇಗ ಮುಟ್ಟುತ್ತೇವೆ ಎಂಬುದು ನಿಜವೇ. ಆದರೆ ಮಿದುಳು ಲೆಕ್ಕ ಹಾಕುವುದು ನಾಲ್ಕೈದು ನಿಮಿಷದಲ್ಲಿ. ಅಷ್ಟರೊಳಗೆ ಮುಟ್ಟಿಸುವ ರಸ್ತೆ ಯಾವ ಸರ್ಕಾರವೂ ಹಾಕಲಾರದು.

ಆ ಗೊರಕೆಗೆ ಬರುತ್ತೇನೆ. ಅದು ಉಸಿರಾಟವಲ್ಲ. ಹೃದಯ ನಿಂತ ಮೇಲೆ ಮಿದುಳಿನ ಬುಡ ಕೆಲವು ನಿಮಿಷ ಎಸೆಯುವ ಕೊನೆಯ ಏದುಸಿರು. ಮೀನನ್ನು ದಡಕ್ಕೆ ಹಾಕಿದಾಗ ಬಾಯಿ ಆಡಿಸುತ್ತದಲ್ಲ, ಹಾಗೆ. ಹಠಾತ್ ಬಿದ್ದವರಲ್ಲಿ ಬಹಳ ಜನರಿಗೆ ಇದಿರುತ್ತದೆ, ನೋಡುವವರನ್ನು ಮೋಸ ಮಾಡುತ್ತದೆ. ಕರೆದರೆ ಓಗೊಡುತ್ತಿಲ್ಲ, ಉಸಿರು ಸರಾಗವಾಗಿಲ್ಲ: ಇಷ್ಟಿದ್ದರೆ ಹೃದಯ ನಿಂತಿದೆ ಎಂದೇ ತಿಳಿದು ಒತ್ತಬೇಕು. ಕೀ ಗೊಂಚಲು ಹುಡುಕಿದ ಹೊತ್ತು, ಸಕ್ಕರೆ ನೀರು ಕದಡಿದ ಹೊತ್ತು, "ಉಸ್ರಾಡ್ತಾವ್ರೆ" ಎಂದು ಸಮಾಧಾನ ಮಾಡಿಕೊಂಡ ಹೊತ್ತು, ಎಲ್ಲ ಸೇರಿ ಐದಾರು ನಿಮಿಷ. ಮಾವನನ್ನು ಕಳೆದುಕೊಂಡದ್ದು ಆಸ್ಪತ್ರೆಯಲ್ಲಲ್ಲ, ಅಲ್ಲೇ, ಎಂದು ನನಗೀಗ ಅನಿಸುತ್ತದೆ.

ಇಷ್ಟು ಮಾತ್ರವಾಗಿದ್ದರೆ ವಿಷಯ ಸುಲಭವಿತ್ತು: ಬೇಗ ಒತ್ತಿ, ಬೇಗ ಶಾಕ್ ಕೊಡಿ. ಆದರೆ ಎಲ್ಲ ಹೃದಯಗಳೂ ಒಂದೇ ಕಾರಣಕ್ಕೆ ನಿಲ್ಲುವುದಿಲ್ಲ. ಮಂಡ್ಯ ಜಿಲ್ಲೆಯ ಒಂದು ಸುತ್ತು ಹಾಕಿದರೆ ಸಾಕು. ಗದ್ದೆ ಬದಿಯ ಪಂಪ್‌ಸೆಟ್ ಸ್ಟಾರ್ಟರಿಗೆ ಒದ್ದೆ ಕೈ ಹಾಕಿದ ಯುವಕನಿಗೆ ಹೊಡೆದ ಕರೆಂಟು ನೇರವಾಗಿ ವಿಎಫ್ ತರುತ್ತದೆ. ಹೃದಯ ಗಟ್ಟಿಮುಟ್ಟಾಗಿದೆ, ನಾಳ ಸ್ವಚ್ಛ, ಲಯವೊಂದು ತಪ್ಪಿದೆ. ಮೊದಲು ಫ್ಯೂಸ್ ಕೀಳಬೇಕು, ಇಲ್ಲದಿದ್ದರೆ ಮುಟ್ಟಿದವನೂ ಹೋಗುತ್ತಾನೆ. ಆಮೇಲೆ ಒತ್ತುತ್ತ ಶಾಕ್ ಯಂತ್ರದವರೆಗೆ ಉಳಿಸಿಕೊಂಡರೆ, ಇವನಷ್ಟು ಬದುಕುವ ಅವಕಾಶ ಇರುವವನು ಇನ್ನೊಬ್ಬನಿಲ್ಲ.

ವಿಸಿ (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದವನ ಕತೆ ಪೂರ್ತಿ ಉಲ್ಟಾ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ನಾಲೆಗೆ ಉರುಳಿ 30 ಜನ ಸತ್ತರು. ಅದಾದ ಮೇಲೂ ಕಾರು, ಬೈಕು ಬೀಳುವುದು ನಿಂತಿಲ್ಲ. ಮುಳುಗಿದವನ ಹೃದಯ ಕೆಟ್ಟಿರುವುದಿಲ್ಲ. ಉಸಿರು ಕಟ್ಟಿ, ಆಮ್ಲಜನಕ ಒಂದೊಂದೇ ಹನಿ ಮುಗಿದು, ಬಡಿತ ನಿಧಾನವಾಗಿ ಕೊನೆಗೆ ನಿಂತಿರುತ್ತದೆ. ರಕ್ತದಲ್ಲಿ ಆಮ್ಲಜನಕವೇ ಇಲ್ಲದಾಗ ಎದೆ ಒತ್ತಿ ಹರಿಸುವುದಾದರೂ ಏನನ್ನು? ಇಲ್ಲಿ ಬಾಯಿಗೆ ಬಾಯಿ ಕೊಟ್ಟು ಉಸಿರು ತುಂಬುವುದೇ ಮೊದಲ ಔಷಧ, ಜೊತೆಗೆ ಒತ್ತುವುದು. ನಮ್ಮಲ್ಲಿ ಮಾಡುವುದೇನು? ಹೊಟ್ಟೆ ಅಮುಕಿ ನೀರು ಕಕ್ಕಿಸುವುದು, ಕಾಲು ಹಿಡಿದು ತಲೆಕೆಳಗು ಮಾಡುವುದು. ಶ್ವಾಸಕೋಶದ ನೀರು ಹಾಗೆ ಬರುವುದಿಲ್ಲ. ಬರುವುದು ಹೊಟ್ಟೆಯದ್ದು, ಅದೂ ಶ್ವಾಸನಾಳಕ್ಕೇ ಹೋಗಿ ಕೂರಬಹುದು. ಕಬ್ಬಿನ ಗದ್ದೆಯಲ್ಲಿ ನಾಗರಹಾವೋ ಕಟ್ಟಹಾವೋ ಕಡಿದವನಲ್ಲೂ ಉಸಿರಿನ ಸ್ನಾಯು ಸೋತೇ ಹೃದಯ ನಿಲ್ಲುವುದು, ಉಸಿರು ನಡೆಸಿಕೊಟ್ಟರೆ ಹೃದಯ ತನ್ನ ಪಾಡಿಗೆ ಬಡಿಯುತ್ತದೆ.

ದಶಪಥದ ಅಪಘಾತದಲ್ಲಿ ಹೊಟ್ಟೆಯೊಳಗೇ ರಕ್ತ ಸೋರಿದವನದ್ದು ಬರಿದಾದ ಬಾವಿ. ಪಂಪು ಎಷ್ಟು ಹೊಡೆದರೂ ಬರುವುದಿಲ್ಲ, ಸೋರುವುದನ್ನು ಕಟ್ಟಿ ರಕ್ತ ಏರಿಸಬೇಕು. ಡಯಾಲಿಸಿಸ್ ತಪ್ಪಿಸಿಕೊಂಡವರಲ್ಲಿ ಪೊಟಾಶಿಯಂ ಏರಿ ಹೃದಯ ನಿಲ್ಲುತ್ತದೆ, ಅದಕ್ಕೆ ಕ್ಯಾಲ್ಶಿಯಂ ಇಂಜೆಕ್ಷನ್. ಹೀಗೆ ಇನ್ನೂ ಹಲವಿವೆ, ಎಮರ್ಜೆನ್ಸಿ ಡಾಕ್ಟರು ಎದೆ ಒತ್ತಿಸುತ್ತಲೇ ತಲೆಯೊಳಗೆ ಒಂದೊಂದಾಗಿ ಅಳಿಸುತ್ತ ಹೋಗುವ ಪಟ್ಟಿ ಅದು. ಕಾರಣ ಸಿಕ್ಕು, ಅದು ತಿದ್ದುವಂಥದ್ದಾಗಿ, ತಿದ್ದಲು ಹೊತ್ತಿದ್ದರೆ ಮಾತ್ರ ಹೃದಯದ ಬಡಿತ ಮರಳಿ ಬಂದು ಉಳಿಯುತ್ತದೆ. ಇಲ್ಲದಿದ್ದರೆ ಬಂದ ಹಾಗೆ ಮಾಡಿ ಮತ್ತೆ ಹೋಗುತ್ತದೆ.

ಇಲ್ಲಿ ನಮ್ಮ ರಾಜ್ಯದ ಯೋಜನೆಯೊಂದನ್ನು ನೋಡಬೇಕು. ಪುನೀತ್ ಹೆಸರಿನ 'ಹೃದಯ ಜ್ಯೋತಿ' ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ದೂರದಿಂದ ನೋಡಿ ಹೇಳಿದರೆ, ಹೆಪ್ಪು ಕರಗಿಸುವ ಟೆನೆಕ್ಟಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಒಳ್ಳೆಯ ಯೋಜನೆ, ಎದೆನೋವಿನವರಿಗೆ ಅದು ಜೀವದಾನ. ಆದರೆ ಊರಲ್ಲಿ ಅದಕ್ಕೆ "ಹಾರ್ಟ್ ನಿಂತ್ರೆ ಕೊಡೋ ಇಂಜೆಕ್ಷನ್" ಎಂಬ ಹೆಸರು ಬಿದ್ದಿದೆ. ಹೃದಯ ನಿಂತವರಿಗೆ ಸಿಪಿಆರ್ ನಡುವೆ ಇದೇ ಟೆನೆಕ್ಟಪ್ಲೇಸ್ ಕೊಟ್ಟು ಯುರೋಪಿನಲ್ಲಿ ಸಾವಿರಕ್ಕೂ ಹೆಚ್ಚು ಜನರ ಮೇಲೆ ಪರೀಕ್ಷಿಸಿದ್ದಾರೆ. 2008ರಲ್ಲಿ ಬಂದ ಫಲಿತಾಂಶ: ಬದುಕುಳಿಯುವುದರಲ್ಲಿ ಏನೂ ಲಾಭವಿಲ್ಲ. ಔಷಧಿ ಹೆಪ್ಪಿನವರೆಗೆ ಹೋಗಬೇಕಾದರೆ ರಕ್ತ ಹರಿಯುತ್ತಿರಬೇಕು. ಆ ಇಂಜೆಕ್ಷನ್ನಿನ ಗಿರಾಕಿ ಬೆಳಗ್ಗೆ ಸೋಡಾ ಕುಡಿದ ಮಾವ. ಮಧ್ಯಾಹ್ನ ಎಲೆಯ ಮೇಲೆ ಬಿದ್ದ ಮಾವ ಅಲ್ಲ.

ಅಡ್ರಿನಲಿನ್ ಕತೆ ಇನ್ನೂ ಕಹಿ. ದಶಕಗಳಿಂದ ನಿಂತ ಹೃದಯಕ್ಕೆ ಕೊಡುತ್ತಿರುವ ಮದ್ದು ಅದು. ಬ್ರಿಟನ್ನಿನಲ್ಲಿ 8,000ಕ್ಕೂ ಹೆಚ್ಚು ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಅಡ್ರಿನಲಿನ್, ಉಳಿದವರಿಗೆ ಬರೀ ಉಪ್ಪುನೀರು ಕೊಟ್ಟು ನೋಡಿದರು. 2018ರ ಆ ಫಲಿತಾಂಶದಲ್ಲಿ ಮೂವತ್ತು ದಿನ ಬದುಕಿದವರು ಕ್ರಮವಾಗಿ ಶೇ. 3.2 ಮತ್ತು 2.4. ಲಾಭವಿದೆ, ನಿಜ. ಆದರೆ ಬದುಕಿದವರಲ್ಲಿ ಮಿದುಳಿಗೆ ತೀವ್ರ ಹಾನಿಯಾದವರು ಅಡ್ರಿನಲಿನ್ ಪಡೆದ ಗುಂಪಿನಲ್ಲಿ ಶೇ. 31, ಪಡೆಯದವರಲ್ಲಿ ಶೇ. 17.8. ಮದ್ದು ಹೃದಯವನ್ನು ಎಳೆದು ತಂದಿತು. ಮಿದುಳನ್ನು ಅದರ ಜೊತೆ ತರಲಾಗಲಿಲ್ಲ.

ಅತ್ತೆ ಕೈ ಮುಗಿದ ಆ ಗಳಿಗೆಯಿಂದ ಮೂರನೇ ದಿನದವರೆಗೆ ಒಳಗೆ ನಡೆದದ್ದೂ ಇದೇ. ಬಹಳ ಹೊತ್ತು ಒಣಗಿದ್ದ ಅಂಗಗಳಿಗೆ ರಕ್ತ ಮರಳಿ ನುಗ್ಗಿದಾಗ ಅದೇ ಒಂದು ಹೊಸ ಪೆಟ್ಟು. ಜೀವಕೋಶಗಳೊಳಗೆ ಕ್ಯಾಲ್ಶಿಯಂ ತುಂಬಿಕೊಳ್ಳುತ್ತದೆ, ಉರಿಯೂತ ಏಳುತ್ತದೆ. ಹೃದಯ ತನ್ನ ಮಂಕಿನಿಂದ ಎರಡು ಮೂರು ದಿನದಲ್ಲಿ ಚೇತರಿಸಿಕೊಳ್ಳುವುದುಂಟು. ಮಿದುಳಿಗೆ ಆ ಗುಣ ಕಡಿಮೆ. ಬಡಿತ ಮರಳಿ ಆಸ್ಪತ್ರೆಯಲ್ಲಿ ದಾಖಲಾದವರಲ್ಲಿ ಬಹುಪಾಲು ಸಾವುಗಳು ಮಿದುಳಿನ ಹಾನಿಯಿಂದಲೇ. "72 ಗಂಟೆ ನೋಡೋಣ" ಎಂದು ಡಾಕ್ಟರ್ ಹೇಳುವುದು ನುಣುಚಿಕೊಳ್ಳಲಿಕ್ಕಲ್ಲ. ಮಿದುಳು ಎಷ್ಟು ಉಳಿದಿದೆ ಎಂದು ಅದಕ್ಕೂ ಮೊದಲು ನಂಬಿಕೆಯಿಂದ ಹೇಳಲು ಬರುವುದಿಲ್ಲ. ಬಿಲ್ ಏರಿಸಲು ಸತ್ತವರನ್ನು ಮೂರು ದಿನ ಇಟ್ಟುಕೊಂಡರು ಎಂದು ನಮ್ಮ ಕಡೆಯವರೂ ಆಡಿಕೊಂಡರು. ನಾನು ತಡೆಯಲಿಲ್ಲ, ಆಗ ನನಗೂ ಗೊತ್ತಿರಲಿಲ್ಲ.

ಇನ್ನೊಂದು ಸಂಗತಿ, ಹೇಳಲು ಕಷ್ಟದ್ದು. ಕ್ಯಾನ್ಸರ್ ಕೊನೆ ಹಂತ ಮುಟ್ಟಿದವರು, ಕಿಡ್ನಿ ಲಿವರ್ ಎರಡೂ ಕೈಕೊಟ್ಟವರು, ತೊಂಬತ್ತರ ಅಜ್ಜಿ: ಇವರಲ್ಲಿ ಹೃದಯ ನಿಂತದ್ದರಿಂದ ಸಾವು ಬರುವುದಲ್ಲ, ಸಾವು ಬಂದದ್ದರಿಂದ ಹೃದಯ ನಿಲ್ಲುವುದು. ಅಲ್ಲಿ ಪಕ್ಕೆಲುಬು ಮುರಿಯುವಂತೆ ಒತ್ತುವುದು ಯಾರಿಗಾಗಿ? ನಮ್ಮ ಸಮಾಧಾನಕ್ಕೇ ಇರಬೇಕು. ಸಿಪಿಆರ್ ಬೇಡ ಎಂಬ ತೀರ್ಮಾನ ಹೇಗೆ ತೆಗೆದುಕೊಳ್ಳಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಮಾರ್ಗಸೂಚಿ ಕೊಟ್ಟಿದೆ. ಘನತೆಯಿಂದ ಸಾಯುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿ, 2023ರಲ್ಲಿ ವಿಧಾನ ಸರಳಗೊಳಿಸಿತು. ಕರ್ನಾಟಕ ಆರೋಗ್ಯ ಇಲಾಖೆ 2025ರ ಜನವರಿ ಕೊನೆಗೆ ಅದರ ಸುತ್ತೋಲೆ ಹೊರಡಿಸಿತು. ಆದರೆ ಮನೆಯಲ್ಲಿ ಕೂತು "ಅಪ್ಪಂಗೆ ಆ ಹೊತ್ತು ಬಂದ್ರೆ ಏನ್ಮಾಡಣ" ಎಂದು ಮಾತೆತ್ತಿದರೆ ಅಪಶಕುನ ನುಡಿಯಬೇಡ ಎಂದು ಬಾಯಿ ಮುಚ್ಚಿಸುತ್ತಾರೆ. ಹಾಗಾಗಿ ಆ ತೀರ್ಮಾನ ನಡುರಾತ್ರಿ ಕಾರಿಡಾರಿನಲ್ಲಿ, ಸಹಿ ಹಾಕಲು ಯಾರು ಮುಂದೆ ಬರಬೇಕೆಂಬ ತಳ್ಳಾಟದ ನಡುವೆ ಆಗುತ್ತದೆ.

ಕಳೆದ ವೈಶಾಖದಲ್ಲಿ ಅದೇ ಕಲ್ಯಾಣ ಮಂಟಪಕ್ಕೆ ಮತ್ತೊಂದು ಮದುವೆಗೆ ಹೋಗಿದ್ದೆ. ಊಟದ ಹಾಲಿನ ಗೋಡೆಗೆ ಬಣ್ಣ ಹೊಡೆಸಿದ್ದಾರೆ, ಹೊಸ ಜನರೇಟರ್ ಬಂದಿದೆ, ಮೂಲೆಮೂಲೆಗೂ ಸಿಸಿಟಿವಿ. ಸಾರ್ವಜನಿಕ ಜಾಗಗಳಲ್ಲಿ ಎಇಡಿ ಇಡುವುದೂ ಹೃದಯ ಜ್ಯೋತಿಯ ಘೋಷಣೆಯಲ್ಲಿತ್ತಲ್ಲ, ಲಯ ತಾನೇ ಗುರುತಿಸಿ ಬೇಕಿದ್ದರೆ ಮಾತ್ರ ಶಾಕ್ ಕೊಡುವ, ಯಾರು ಬೇಕಾದರೂ ಬಳಸಬಹುದಾದ ಆ ಪುಟ್ಟ ಯಂತ್ರ. ಇಲ್ಲಿ ಇದೆಯೇ ಎಂದು ಮ್ಯಾನೇಜರನ್ನು ಕೇಳಿದೆ. ಅದೇನು ಎಂದರು. ವಿವರಿಸಿದೆ. ಅವರು ಪಂಕ್ತಿಯ ಕಡೆ ಒಂದು ಕಣ್ಣಿಟ್ಟುಕೊಂಡೇ, ಬಾಗಿಲ ಪಕ್ಕದ ಕೆಂಪು ಸಿಲಿಂಡರ್ ತೋರಿಸಿದರು. "ಬೆಂಕಿದು ಕೇಳ್ತಾರೆ ಸಾರ್, ಅದ್ಕೆ ಅದನ್ನ ಮಡಗಿವಿ. ಇದುನ್ನ ಇಲ್ಲೀಗಂಟ ಯಾರೂ ಕೇಳೇ ಇಲ್ಲ."